ತೇಗದ ಕಟಕಟೆಯ ಹೆಸರುಗಳು

ಬೆರಳಿಗೆ ಏನೋ ತಾಗಿತು, ಮರದ ಸೀಳಲ್ಲ, ಅಕ್ಷರ, ಯಾವನೋ ಹ್ಯಾಂಕ್, ಪಕ್ಕದಲ್ಲೊಂದು ಹೃದಯ, ಅದರೊಳಗೆ ಡಾಲಿ, ಪಾಪ, ಡಾಲಿ ಕಾದಳೋ ಇಲ್ಲವೋ — ನೆಟ್ಟಾ ಕೈ ಎತ್ತದೆ ಮುಂದಕ್ಕೆ ಜರುಗಿದಳು, ಇಂಥದಕ್ಕೆ ಕಣ್ಣಿಗಿಂತ ಬೆರಳೇ ವಾಸಿ, ಹತ್ತು ವರ್ಷದ ಹಿಂದೆ, ಸ್ಟ್ರಾತ್‌ಕೈಲ್ ಹೊಚ್ಚ ಹೊಸ ಹಡಗಾಗಿದ್ದಾಗ, ಅಂಚಿನ ಇದೇ ತೇಗದ ಕಟಕಟೆಗೆ ಅರಗಿನ ಪಾಲಿಶ್ ಹಚ್ಚಿದ ಬೆರಳು, ಬಟ್ಟೆಯ ಉಂಡೆ ಹಿಡಿದು ಸುತ್ತಿ ಸುತ್ತಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು, ಮುಖ ಕಾಣುವ ತನಕ, ಆಮೇಲೆ ಯುದ್ಧ ಬಂತು, ಹಡಗಿಗೆ ಬೂದು ಬಣ್ಣ ಬಳಿದರು, ಈಜುಕೊಳ ಬತ್ತಿಸಿ ಅದರಲ್ಲಿ ಆರಂತಸ್ತಿನ ಹಾಸಿಗೆ ಕಟ್ಟಿದರು, ಒಂದು ಸಲಕ್ಕೆ ಹನ್ನೊಂದು ಸಾವಿರ ಸಿಪಾಯಿಗಳು, ಒಬ್ಬ ಎದ್ದ ಹಾಸಿಗೆಯಲ್ಲಿ ಇನ್ನೊಬ್ಬ, ಕಾವಲಿಗೆ ಒಂದು ದೋಣಿಯೂ ಇಲ್ಲ, ಹಡಗಲ್ಲವೇ, ಅವಳ ಓಟಕ್ಕೆ ಯಾವ ಜಲಾಂತರ್ಗಾಮಿಯೂ ಸಾಟಿಯಲ್ಲ, ಕ್ಲೈಡ್ ನದಿಯ ಬಾಯಿಗೆ ಬಂದು ಲಂಗರು ಹಾಕಿದರೆ ಊರಿಗೆಲ್ಲ ಗೊತ್ತು, ಶತ್ರುವಿನ ಕಿವಿಗೆ ಬಿದ್ದೀತೆಂದು ಹೆಸರು ಎತ್ತುವಂತಿಲ್ಲ, ರೊಟ್ಟಿಯ ಸಾಲಿನಲ್ಲಿ ಅಮ್ಮ ಆಕಾಶ ನೋಡಿಕೊಂಡು ದೊಡ್ಡವಳು ಬಂದ್ಳು ಅಂತಿದ್ದಳು ಅಷ್ಟೆ, ಪಕ್ಕದವಳು ಹೌದ್ರೀ, ಹವಾನೂ ಚೆನ್ನಾಗಿದೆ ಅಂತಿದ್ದಳು, ಇಬ್ಬರ ಬೆನ್ನೂ ಕೋಲಿನ ಹಾಗೆ ನೆಟ್ಟಗಾಗುತ್ತಿತ್ತು.

ಸರ್ರ್, ಸರ್ರ್ — ಮುಂದಿನ ತುದಿಯಿಂದ ಬಡಗಿಗಳ ಕೀಸುಳಿ ಹತ್ತಿರವಾಗುತ್ತಿದೆ, ಹೆಸರುಗಳೆಲ್ಲ ಸುರುಳಿ ಸುರುಳಿ ಹೊಟ್ಟಾಗಿ ಮುದುಕ ಬಡಗಿ ಟೆಂಪಲ್ಟನ್ನನ ಬೂಟಿನ ಮೇಲೆ ಬೀಳುತ್ತಿವೆ, ಯುದ್ಧ ಮುಗಿಯಿತು, ಮತ್ತೆ ಪ್ರಯಾಣಿಕರ ಹಡಗು, ಕ್ರಿಸ್‌ಮಸ್ಸಿನೊಳಗೆ ಕಟಕಟೆ ನುಣ್ಣಗಾಗಬೇಕಂತೆ, ದೊಡ್ಡ ಮನೆಯ ಹೆಂಗಸರ ಕೈಗವಸು ಸಿಕ್ಕಿಕೊಳ್ಳಬಾರದಂತೆ, ಅಷ್ಟರೊಳಗೆ ಸಿಗಬೇಕು, ಲಾಕಿಯದು, ತಮ್ಮನದು, ನಾಲ್ಕು ವರ್ಷ ಇದೇ ಹಡಗಿನಲ್ಲಿ ಸಿಪಾಯಿಗಳಿಗೆ ಊಟ ಬಡಿಸಿದವನು, ನಿನ್ನ ಕಟಕಟೆ ಮೇಲೆ ನನ್ನ ಗುರುತು ಇದೆ ಕಣೇ ಅಕ್ಕಾ, ಹಡಗು ಮನೆಗೆ ಬಂದಾಗ ಹುಡುಕು ನೋಡೋಣ ಎಂದು ಕಾಗದ ಬರೆದವನು, ಕಳೆದ ವರ್ಷ ಫೆಬ್ರವರಿಯಲ್ಲಿ ಆಫ್ರಿಕದ ಹತ್ತಿರ ಜ್ವರ ಬಂದು ಹೋದ, ಸಮುದ್ರಕ್ಕೇ ಕೊಟ್ಟರು, ಕಲ್ಲಿಲ್ಲ, ಹೂವಿಡಲು ಜಾಗವಿಲ್ಲ, ಅವನ ಹೆಸರು ಎಲ್ಲಾದರೂ ಇದ್ದರೆ ಇಲ್ಲೇ. ಲೇ ನೆಟ್ಟಾ, ಮರಾನೇ ಮದುವೆ ಆಗ್ಬಿಟ್ಯೇನೇ, ಟೀ ಆರ್ತಿದೆ ಬಾರೇ, ಬೀನಿಯ ಗಂಟಲು, ಹತ್ತು ವರ್ಷದಿಂದ ಜೊತೆಗೆ ಪಾಲಿಶ್ ಮಾಡಿದವಳು, ನೀನೇ ಕುಡಿ ಮಾರಾಯ್ತಿ, ಇವತ್ತಾದ್ರೂ ನಿನ್ ಬಾಯಿ ಬಿಸಿಯಾಗ್ಲಿ, ಅಯ್ಯೋ, ಮೂಕಿಗೂ ಮಾತು ಬಂತಲ್ಲಪ್ಪಾ! ನಗು. ಬೆರಳ ಕೆಳಗೆ ಟೆಕ್ಸಸ್, ಒಟ್ಟಾವ, ಮೋ, ಎಡ್ಡಿ, ಅಮ್ಮಾ ನಾನು ಬದುಕಿದ್ದೇನೆ, ಒಂದು ಹಡಗು, ಒಂದು ನಾಯಿ, ಎಷ್ಟು ಜನ, ಒಂದು ಅಂಗೈಯಷ್ಟೂ ಜಾಗ ಬಿಟ್ಟಿಲ್ಲ, ಎಲ್ಲರನ್ನೂ ಹೊತ್ತಳಲ್ಲ ಇವಳು, ಒಬ್ಬ ಸಿಪಾಯಿಯನ್ನೂ ಶತ್ರುವಿಗೆ ಬಿಡದೆ ದಡ ಸೇರಿಸಿದಳಲ್ಲ, ಎಲ್ಲ ಇದ್ದಾರೆ, ಲಾಕಿ ಎಲ್ಲಿ, ಎಲ್ಲೋ ಎಲ್ಲಿ ಕೆತ್ತಿದ್ದೀಯ — ಬೆರಳು ಜಾರಿತು.

ಜಾರಿತು, ಏನೂ ತಾಗಲಿಲ್ಲ, ಒಂದು ಮೊಳ, ಒಂದು ಮೊಳ ಪೂರ್ತಿ ನುಣುಪು, ಎರಡೂ ಕಡೆ ಹೆಸರುಗಳು ಒತ್ತಿ ಬಂದು ಗೆರೆ ಹೊಡೆದ ಹಾಗೆ ನಿಂತಿವೆ, ನಡುವೆ ಅವಳದೇ ಪಾಲಿಶ್, ಅವಳದೇ ಮುಖ — ಪ್ರತಿ ಕಾಗದದಲ್ಲೂ ಮೇಣದ ಡಬ್ಬಿ ಕಳಿಸು ಅನ್ನುತ್ತಿದ್ದ, ಬೂಟಿಗೆ ಇರಬೇಕು ಅಂದುಕೊಂಡು ಕಳಿಸುತ್ತಿದ್ದಳು, ಕಳ್ಳ, ಇದನ್ನು ಉಜ್ಜಲಿಕ್ಕೆ, ಪಾಲಿಶ್ ಮಾಡುವವಳ ತಮ್ಮ ಪಾಲಿಶ್ ಮೇಲೆ ಚಾಕು ಹಾಕುತ್ತಾನೆಯೇ, ಅವಳೇ ದಡ್ಡಿ, ಹೆಸರು ಹುಡುಕಿದಳು, ಹನ್ನೊಂದು ಸಾವಿರ ಚಾಕುಗಳಿಂದ ಇಷ್ಟನ್ನು ಕಾದನಲ್ಲ, ಬೆನ್ನು ನೆಟ್ಟಗಾಗುತ್ತದೆ, ಅಮ್ಮನ ಬೆನ್ನಿನ ಹಾಗೆ. ಏನಮ್ಮಾ ಹುಡುಗಿ, ಸಿಕ್ತೇನು, ಟೆಂಪಲ್ಟನ್, ಪಕ್ಕದಲ್ಲೇ, ಕೀಸುಳಿ ಎತ್ತಿ ಹಿಡಿದು. ಇಷ್ಟು ಬಿಟ್ಬಿಡಿ ಟೆಂಪಲ್ಟನ್ರೇ, ಇಲ್ಲಿ ಕೀಸೋಕೆ ಏನಿಲ್ಲ. ಮುದುಕ ಬಗ್ಗಿ ನೋಡಿದ, ಹೆಬ್ಬೆರಳು ಸವರಿದ, ಇದ್ಯಾವನು ಅರ್ಧಕ್ಕೆ ಬಿಟ್ಟೋನು, ಇಲ್ನೋಡು ಎಂದ, ಅವಳು ನೋಡಿದಳು, ನುಣುಪಿನ ಅಂಚಿನಲ್ಲಿ ಒಬ್ಬನ ಹೆಸರು, ಟಾಮ್, ಕೆಳಗೆ ಜನವರಿ ನಲವತ್ತಾರು ಎಂದು ಕೆತ್ತಿ, ಟಾಮ್‌ನ ಮುಂದೆ ಮನೆತನದ ಹೆಸರು ಶುರು ಮಾಡಿದ್ದಾನೆ, ಒಂದೇ ಗೀರು — ನಲವತ್ತಾರು, ಆಗ ಲಾಕಿ ಹೋಗಿ ಹತ್ತಿರ ಹತ್ತಿರ ವರ್ಷ, ಆದರೂ ಯಾರೋ ಆ ಕೈ ಹಿಡಿದಿದ್ದಾರೆ, ಇಲ್ಲಿ ಬೇಡಪ್ಪಾ ಅಂದಿದ್ದಾರೆ, ಅವನಿಗೆ ಯಾರು ಹೇಳಿದ್ದರೋ, ಹೇಳಿದವನಿಗೆ ಇನ್ಯಾರೋ, ಅವಳು ಕಾಣದ ಕೈಗಳು ಎಷ್ಟೋ, ಕೀಸುಳಿ ಅವಳನ್ನೂ ಆ ಒಂದು ಮೊಳವನ್ನೂ ಟಾಮ್‌ನನ್ನೂ ಬಿಟ್ಟು ಆಚೆಗೆ ಹೋಯಿತು, ಸರ್ರ್, ಸರ್ರ್, ಗೀರು, ಆಳವಾಗಿ ಇಳಿದು ನುಣುಪಿನ ಹತ್ತಿರ ಬಂದು, ಗೀರು, ಬೆರಳ ಕೆಳಗೆ, ಅಲ್ಲಿಗೇ ನಿಂತ ಗೀರು