ಟೆರಿಯ ಹೆಸರಿನ ಚಾರ್ಟು

ದಕ್ಷಿಣ ಫ್ರಾನ್ಸಿನ ಮೊಂತೆಲಿಮಾರ್ ಹತ್ತಿರ, ಹೆದ್ದಾರಿ ಪಕ್ಕದ, ಪ್ರಯಾಣಿಕರು ತಂಗುವ ಸರ್ವೀಸ್ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಎಂಟೂವರೆಗೆ ರಮಾನಾಥ ತನ್ನ ಕೋಚು ಬಸ್ಸು ನಿಲ್ಲಿಸಿದಾಗ, ಅವನ ಜೊತೆ ಡ್ರೈವರ್ ಟೆರಿಗೆ ನೆಟ್ಟಗೆ ನಿಲ್ಲುವುದಕ್ಕೂ ಆಗುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಮುದುಡಿ ಕೂತಿದ್ದ. ಹಿಂದಿನ ರಾತ್ರಿ ಕ್ಯಾಲೆ ಬಂದರಿನಲ್ಲಿ ಹಡಗಿನಿಂದ ಇಳಿದ ಮೇಲೆ ಎರಡು ಗಂಟೆ ಓಡಿಸಿ, ‘ಪಕ್ಕೆಯಲ್ಲಿ ಏನೋ ಚುಚ್ಚುತ್ತಿದೆ, ಸ್ವಲ್ಪ ಹೊತ್ತು ನೀನು ಹಿಡಿ’ ಅಂತ ಸ್ಟಿಯರಿಂಗ್ ಬಿಟ್ಟವನು ಮತ್ತೆ ಅದರ ಮುಂದೆ ಕೂರಲೇ ಇಲ್ಲ. ಆಂಬುಲೆನ್ಸಿನವರು ಬಂದರು. ಕಿಡ್ನಿ ಕಲ್ಲಿರಬಹುದು ಎಂದು ಕೈಸನ್ನೆಯಲ್ಲಿ ತಿಳಿಸಿ ಕರೆದುಕೊಂಡು ಹೋದರು.

ಕೋಚಿನಲ್ಲಿ ನಲವತ್ತೇಳು ಜನ. ಇಂಗ್ಲೆಂಡಿನ ಲೀಡ್ಸ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಹತ್ತಿದವರು. ಎಲ್ಲರೂ ಹತ್ತು ದಿನದ ರಜೆಗೆಂದು ಸ್ಪೇನಿನ ಲ್ಯೊರೆತ್ ಬೀಚಿಗೆ ಹೊರಟವರು. ಅಲ್ಲಿಗೆ ಇನ್ನೂ ಐದು ಗಂಟೆಯ ದಾರಿ. ರಮಾನಾಥ ಆಗಲೇ ಎಂಟು ಮುಕ್ಕಾಲು ಗಂಟೆ ಓಡಿಸಿ ಆಗಿತ್ತು. ಒಬ್ಬನೇ ಡ್ರೈವರ್ ಉಳಿದ ಮೇಲೆ ಕಾನೂನು ಹೇಳುವುದು ಒಂದೇ ಮಾತು: ಒಂಬತ್ತು ಗಂಟೆ ವಿಶ್ರಾಂತಿ, ಆಮೇಲೆ ಮುಂದಿನ ಪ್ರಯಾಣ.

ಅವನು ಲೀಡ್ಸಿನ ಆಫೀಸಿಗೆ ಫೋನ್ ಮಾಡಿದ. ಎತ್ತಿಕೊಂಡವನು ಸೂಪರ್‌ವೈಸರ್ ಇಯನ್.

“ಬದಲಿ ಡ್ರೈವರ್ ಕಳಿಸು,” ಎಂದ ರಮಾನಾಥ.

“ಆಗಸ್ಟ್ ತಿಂಗಳು, ಶನಿವಾರ. ಎಲ್ಲಿಂದ ತರಲಿ?” ಇಯನ್ ಸ್ವಲ್ಪ ದನಿ ತಗ್ಗಿಸಿದ. “ನೋಡು ರಾಮ್, ಟೆರಿಯ ಹೊಸ ಚಾರ್ಟು ಅಲ್ಲೇ ಇರಬೇಕಲ್ಲ. ನಿನ್ನದನ್ನು ತೆಗೆದು ಅದನ್ನು ಹಾಕು. ಟೆರಿ ಓಡಿಸಿದ ಹಾಗೆ ಆಗುತ್ತೆ. ಯಾರು ನೋಡ್ತಾರೆ?”

ಸ್ಪೀಡೋಮೀಟರಿನ ಹಿಂದೆ ಅಂಗೈ ಅಗಲದ ದುಂಡನೆಯ ಕಾಗದವೊಂದು ಇರುತ್ತದೆ. ಗಾಡಿ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಮುಳ್ಳೊಂದು ಅದರ ಮೇಲೆ ಗೀಚುತ್ತಾ ಹೋಗುತ್ತದೆ. ಪ್ರತಿ ಡ್ರೈವರಿಗೂ ಅವನದೇ ಹೆಸರು ಬರೆದ ಚಾರ್ಟು. ಹೆಸರು ಬದಲಿಸಿದರೆ ದಣಿದವನು ಕಾಗದದ ಮೇಲೆ ಹೊಸಬನಾಗುತ್ತಾನೆ, ಕಣ್ಣು ಮಾತ್ರ ಹಳೆಯದೇ.

ಜೂನ್ ತಿಂಗಳಲ್ಲಿ ರಮಾನಾಥ ಈ ಕೆಲಸವನ್ನು ಒಮ್ಮೆ ಮಾಡಿದ್ದ. ಆಗಲೂ ಹೇಳಿದವನು ಇದೇ ಇಯನ್. ಅಂದು ಬೆಳಗಿನ ಬಿಸಿಲಿನಲ್ಲಿ, ಸ್ಪೇನ್ ಗಡಿಗೆ ಇನ್ನೊಂದು ಗಂಟೆ ಇದೆ ಎನ್ನುವಾಗ, ಚಕ್ರದಡಿ ಗರಗರ ಎಂದು ಸದ್ದಾಗಿ ಅವನು ಬೆಚ್ಚಿ ಕಣ್ಣು ಬಿಟ್ಟಿದ್ದ. ಕೋಚು ರಸ್ತೆಯಂಚಿನ ಬಿಳಿ ಪಟ್ಟಿ ದಾಟಿ ಬೇಲಿಯ ಕಡೆಗೆ ವಾಲುತ್ತಿತ್ತು. ಎಷ್ಟು ಹೊತ್ತು ನಿದ್ದೆ ಹೋಗಿದ್ದನೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಹಿಂದೆ ಐವತ್ತು ಜನ ಬಾಯಿ ತೆರೆದು ಮಲಗಿದ್ದರು. ಊರು ತಲುಪಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬಳು ಅಜ್ಜಿ ಕೆನ್ನೆಗೆ ಮುತ್ತು ಕೊಟ್ಟು, ನಿನ್ನಷ್ಟು ಮೆತ್ತಗೆ ಓಡಿಸುವವರನ್ನು ನೋಡಿಲ್ಲ ಎಂದಳು. ಅವನು ಮುಖ ತಿರುಗಿಸಿ ಸೂಟ್‌ಕೇಸುಗಳನ್ನು ಇಳಿಸಿದ. ನಿದ್ದೆ ಹೋದದ್ದನ್ನು ಹೆಂಡತಿ ಲೀಲಾಕ್ಷಿಗೂ ಹೇಳಿರಲಿಲ್ಲ. ಅವಳು ಲೀಡ್ಸಿನ ಆಸ್ಪತ್ರೆಯಲ್ಲಿ ನರ್ಸು. ರಸ್ತೆ ಅಪಘಾತಗಳಿಂದ ಬಂದ ಮೈಗಳನ್ನು ದಿನಾ ನೋಡುವವಳು.

“ನಾನು ಹಾಕುವುದಿಲ್ಲ,” ಎಂದ ರಮಾನಾಥ.

“ಹಾಗಾದರೆ ಸೋಮವಾರ ಕೆಲಸಕ್ಕೆ ಬರುವ ತೊಂದರೆ ತಗೋಬೇಡ.”

“ಸರಿ. ಈಗ ನೀನು ಹೇಳಿದ್ದನ್ನೇ ಬರೆದು ಫ್ಯಾಕ್ಸ್ ಮಾಡು. ‘ಟೆರಿಯ ಚಾರ್ಟು ಹಾಕಿ ಓಡಿಸು’ ಅಂತ. ಕೆಳಗೆ ನಿನ್ನ ಸಹಿ. ಇಲ್ಲಿ ಅಂಗಡಿಯಲ್ಲಿ ಫ್ಯಾಕ್ಸ್ ಇದೆ, ನಂಬರ್ ಕೊಡ್ತೇನೆ.”

ಇಯನ್ ಒಂದು ಕೆಟ್ಟ ಬೈಗುಳ ಬೈದು ಫೋನಿಟ್ಟ. ರಮಾನಾಥ ಅಂಗಡಿಯ ಹುಡುಗಿಯಿಂದ ನಂಬರ್ ಬರೆಸಿಕೊಂಡು ಮೆಸೇಜ್ ಕಳಿಸಿದ. ಅರ್ಧ ಗಂಟೆ ಕಾದ. ಯಂತ್ರದಿಂದ ಒಂದು ಹಾಳೆಯೂ ಬರಲಿಲ್ಲ.

ಅವನು ಕೋಚು ಹತ್ತಿ ಮೈಕಿನಲ್ಲಿ ವಿಷಯ ಹೇಳಿದ. ಟೆರಿ ಆಸ್ಪತ್ರೆಯಲ್ಲಿದ್ದಾನೆ, ಬದಲಿ ಡ್ರೈವರ್ ಇಲ್ಲ, ಸಂಜೆ ಆರಕ್ಕೆ ಹೊರಡುತ್ತೇವೆ. ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರು. ಹೋಟೆಲಿನ ಒಂದು ದಿನ ಹೋಯಿತು ಎಂದರು, ಮಕ್ಕಳು ಬೇಯುತ್ತಿವೆ ಎಂದರು. ಬಾಗಿಲು ತೆರೆದಿಟ್ಟು, ನೆರಳಿರುವ ಕಡೆ ಕೂರಿ, ಅಂಗಡಿಯ ಒಳಗೆ ಕೆಫೆ ಇದೆ ಎಂದು ಹೇಳಿ ಅವನು ತಾನು ಮಲಗಲು ಹೋದ.

ಪ್ರಯಾಣಿಕರ ಕಾಲಡಿಯಲ್ಲಿ, ಲಗೇಜಿನ ಪಕ್ಕ, ಡ್ರೈವರಿಗೆಂದು ಒಂದು ಗೂಡು ಇರುತ್ತದೆ. ಒಬ್ಬ ಮಲಗುವಷ್ಟೇ ಜಾಗ. ಅದರೊಳಗೆ ಹೊಕ್ಕು ಅವನು ಕಣ್ಣು ಮುಚ್ಚಿದ್ದನಷ್ಟೆ, ಮೇಲಿಂದ ದಡದಡ ಸದ್ದು ಶುರುವಾಯಿತು. ಯಾರೋ ಬೇಕೆಂದೇ ಕಾಲು ಕುಟ್ಟುತ್ತಿದ್ದರು. ಒಬ್ಬನಿಂದ ಶುರುವಾದದ್ದು ಹತ್ತು ಜನರಾಯಿತು. ತಾಳ ಹಾಕಿ, ನಗುತ್ತಾ, ಫುಟ್‌ಬಾಲ್ ಮ್ಯಾಚಿನಲ್ಲಿ ಕೂಗುವ ಹಾಗೆ ಕೂಗುತ್ತಾ. ಮರದ ಹಲಗೆ ಅವನ ಮೂಗಿನಿಂದ ಒಂದು ಗೇಣು ಮೇಲೆ ಅದುರುತ್ತಿತ್ತು. ನಿಮ್ಮ ಜೀವ ಉಳಿಸಲಿಕ್ಕೇ ಅಲ್ಲವೇನ್ರೋ ನಾನು ಮಲಗುವುದು ಎಂದು ಅವನಿಗೆ ಕಿರುಚಬೇಕೆನಿಸಿತು. ಹಲ್ಲು ಕಚ್ಚಿ ಹೊರಗೆ ಬಂದ.

ಬಾಗಿಲ ಬಳಿ ಮುಂದೆ ನಿಂತವನು ಬಾರ್ನ್ಸ್‌ಲಿ ಊರಿನ ದಪ್ಪ ಕತ್ತಿನ ಗಂಡಸು.

“ಕಂಪನಿಗೆ ಫೋನ್ ಮಾಡಿದ್ದೆವು,” ಎಂದ. “ಡ್ರೈವರ್ ಸುಮ್ಮನೆ ಮೊಂಡು ಹಿಡಿದಿದ್ದಾನೆ ಅಂದರು. ಓಡಿಸಬಹುದಂತೆ.”

“ಅದನ್ನೇ ಬರೆದುಕೊಡಿ ಅಂದೆ. ಕೊಡಲಿಲ್ಲ.”

“ಸೋಮಾರಿ ಪಾಕಿ,” ಎಂದ ಅವನು. ಭಾರತದವರಿರಲಿ ಪಾಕಿಸ್ತಾನದವರಿರಲಿ, ಕಂದು ಮೈಯವರಿಗೆಲ್ಲ ಅಲ್ಲಿ ಬೀಳುವ ಆ ಬೈಗುಳವನ್ನು ಪಿಸುಗುಟ್ಟಲಿಲ್ಲ, ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದ.

ರಮಾನಾಥ ಸುತ್ತ ನೋಡಿದ. ಮೂರು ಮಾರು ದೂರದಲ್ಲಿ ಕಂಬಕ್ಕೊರಗಿ ನಿಂತಿದ್ದವನು ಉಮಾಶಂಕರ. ಬರ್ಮಿಂಗ್‌ಹ್ಯಾಮ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಹೆಂಡತಿ ಜಲಜಾಳ ಕಿವಿಗೆ ಆಪರೇಷನ್ ಆಗಿ ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ ಇಬ್ಬರೂ ಕೋಚಿನಲ್ಲಿ ಬಂದಿದ್ದರು. ನಿನ್ನೆ ಸಂಜೆ ಡೋವರಿನಲ್ಲಿ ರಮಾನಾಥ ಫೋನಿನಲ್ಲಿ ಯಾರೊಡನೆಯೋ ಕನ್ನಡ ಆಡಿದ್ದನ್ನು ಕೇಳಿ, ಓಡಿ ಬಂದು ಕೈಕುಲುಕಿ, ‘ಅಯ್ಯೋ ನಮ್ಮೋರು! ಯಾವೂರು ಸಾರ್, ಮಂಗ್ಳೂರಾ?’ ಎಂದು ಹಿಗ್ಗಿದ್ದ. ಈಗ ಆ ಉಮಾಶಂಕರ ಮೊಬೈಲನ್ನು ಕಣ್ಣಿಗೆ ಅಂಟಿಸಿಕೊಂಡಂತೆ ನೋಡುತ್ತಿದ್ದ. ಅವನ ಹೆಬ್ಬೆರಳು ಯಾವ ಗುಂಡಿಯನ್ನೂ ಒತ್ತುತ್ತಿರಲಿಲ್ಲ.

ಬಾರ್ನ್ಸ್‌ಲಿಯವನು ಬಿಯರು ಹುಡುಕಿಕೊಂಡು ಹೋದ ಮೇಲೆ ಉಮಾಶಂಕರ ಹತ್ತಿರ ಬಂದ.

“ಸಾರ್, ಬೇಜಾರ್ ಮಾಡ್ಕೋಬೇಡಿ. ಜನ ತುಂಬ ರೇಗಿದಾರೆ. ನೀವೂ ಸ್ವಲ್ಪ ಅಡ್ಜಸ್ಟ್ ಮಾಡ್ಬೋದಿತ್ತು. ಇನ್ನೇನು, ಐದೇ ಅವರ್ಸ್.”

“ಐದು ಗಂಟೆ ನಿಮಗೆ ಕೂತುಕೊಳ್ಳಿಕ್ಕೆ. ನನಗೆ ಓಡಿಸ್ಲಿಕ್ಕೆ ಉಂಟು.”

“ಕಾಫಿ ತಂದ್ಕೊಡ್ತೀನಿ. ನಾನೇ ಮುಂದೆ ಕೂತ್ಕೊಂಡು ಮಾತಾಡಿಸ್ತಾ ಇರ್ತೀನಿ, ನಿದ್ದೆ ಬರಲ್ಲ. ನಮ್ಮೋರು ನೀವು, ನನ್ನ ಮಾತು ಕೇಳ್ತೀರ ಅಂತ ಅವರಿಗೆ ಹೇಳಿ ಬಂದಿದೀನಿ.”

ಅವರು ಕಳಿಸಿ ಇವನು ಬಂದದ್ದು! ರಮಾನಾಥ ಊರಿನಲ್ಲಿ ಮುಲ್ಕಿಯಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸು ಓಡಿಸುತ್ತಿದ್ದಾಗಲೂ ಇಂಥವರೇ: ನಿಮಿಷ ತಪ್ಪಿದರೆ ಬೈಯುವವರು, ಬಸ್ಸು ಗದ್ದೆಗೆ ಮಗುಚಿದರೆ ಡ್ರೈವರನ್ನು ಹೊಡೆಯಲು ಓಡಿ ಬರುವವರು.

“ಎಂತ ಮಾರಾಯ್ರೆ ನೀವು,” ಎಂದ. “ಆ ಮನುಷ್ಯ ನನಗೆ ಎಂತ ಹೇಳಿದ? ಕೇಳ್ಲಿಲ್ವಾ?”

“ಅದು... ನಾನು ಫೋನಲ್ಲಿದ್ದೆ.”

“ಫೋನಿನಲ್ಲಿ ಇರ್ಲಿಲ್ಲ. ಕೇಳಿ ನೀವು ತಲೆ ತಗ್ಗಿಸಿದ್ದು ನಾನು ನೋಡಿದೆ. ಆಗ ನಾನು ನಿಮ್ಮವ ಅಲ್ಲ. ಈಗ ಗಾಡಿ ಓಡಿಸ್ಲಿಕ್ಕೆ ಮಾತ್ರ ನಿಮ್ಮವನಾ?”

“ಹಂಗಲ್ಲ ಸಾರ್...”

“ಬನ್ನಿ ಇಲ್ಲಿ.” ರಮಾನಾಥ ಅವನ ತೋಳು ಹಿಡಿದು ಡ್ರೈವರ್ ಸೀಟಿನ ಬಳಿಗೆ ಎಳೆದೊಯ್ದ. ಸ್ಪೀಡೋಮೀಟರಿನ ಮುಚ್ಚಳ ತೆರೆದು ಚಾರ್ಟು ತೆಗೆದು ಮುಖಕ್ಕೆ ಹಿಡಿದ. “ನೋಡಿ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಎಂಟೂವರೆ. ಈ ಕಪ್ಪು ಎಲ್ಲ ನಾನು ಓಡಿಸಿದ್ದು. ಮಧ್ಯದಲ್ಲಿ ಸಣ್ಣ ಗೀಟು ಉಂಟಲ್ಲ, ಅದೊಂದೇ ನಾನು ಕೂತದ್ದು. ಜೂನಿನಲ್ಲಿ ನಾನು ನಿದ್ದೆ ಹೋಗಿದ್ದೇನೆ. ಸ್ಟಿಯರಿಂಗ್ ಹಿಡ್ಕೊಂಡೇ ನಿದ್ದೆ ಹೋಗಿದ್ದೇನೆ, ಗೊತ್ತುಂಟಾ ನಿಮಗೆ? ಐವತ್ತು ಜನ ಇದ್ರು. ಇದೇ ಕೆಲಸ ಮಾಡಿದ್ದು, ಬೇರೆಯವನ ಹೆಸರು ಹಾಕಿ. ಈಗ ಹೋಗಿ ಕೇಳಿ ಎಲ್ಲರ ಹತ್ರ, ಹೀಗೆ ನಿದ್ದೆ ಹೋದವನ ಗಾಡಿಯಲ್ಲಿ ಕೂತ್ಕೊಳ್ತೀರಾ ಅಂತ!”

ಉಮಾಶಂಕರನ ಹಿಂದೆ ಮೆಟ್ಟಿಲ ಕೆಳಗೆ ಜಲಜಾ ನಿಂತಿದ್ದಳು. ಒಂದು ಕಿವಿಗೆ ಹತ್ತಿ ಇಟ್ಟುಕೊಂಡ, ಸಣಕಲು ಹೆಂಗಸು.

“ಎಲ್ಲಿ ಮಲಗ್ತೀರಿ ನೀವು?” ಎಂದು ಕೇಳಿದಳು.

“ಕೆಳಗೆ ಗೂಡುಂಟು. ಮೇಲೆ ಕಾಲು ಕುಟ್ಟಿದ್ರೆ ಹೇಗೆ ಮಲಗುದು?”

ಅವಳು ಗಂಡನ ಕಡೆ ತಿರುಗಿದಳು. “ನೀವೂ ಕುಟ್ಟಿದ್ರಿ. ನಗ್ತಾ ಕುಟ್ಟಿದ್ರಿ. ಈಗ ಎಲ್ಲರನ್ನೂ ಕೆಳಗಿಳಿಸಿ. ನಿಮ್ಮ ಮಾತು ಕೇಳ್ತಾರಲ್ಲ, ಹೇಳಿ.”

ಉಮಾಶಂಕರ ಹೋಗಿ ಅದೇನು ಹೇಳಿದನೋ. ಚಾರ್ಟಿನ ವಿಷಯ ಹೇಳಿರಬೇಕು. ನಿದ್ದೆಯ ವಿಷಯ ಖಂಡಿತ ಹೇಳಿದ. ಒಬ್ಬೊಬ್ಬರಾಗಿ ಜನ ಟವೆಲು, ನೀರಿನ ಬಾಟಲಿ ಹಿಡಿದು ಇಳಿದು ಕೆಫೆ ಕಡೆಗೆ ಹೋದರು. ಹೋಗುವಾಗ ರಮಾನಾಥನನ್ನು ಕಳ್ಳನನ್ನು ನೋಡುವ ಹಾಗೆ ನೋಡಿದರು. ಅವನು ಗೂಡಿನೊಳಗೆ ಹೊಕ್ಕು, ಸಿಟ್ಟಿನಲ್ಲಿ ತುಂಬ ಹೊತ್ತು ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದು, ಕೊನೆಗೆ ಯಾವಾಗಲೋ ಕಲ್ಲಿನ ಹಾಗೆ ನಿದ್ದೆ ಹೋದ.

ಆರಕ್ಕೆ ಹೊರಟು ರಾತ್ರಿ ಹನ್ನೊಂದಕ್ಕೆ ಲ್ಯೊರೆತ್ ಮುಟ್ಟಿದರು. ಬಾರ್ನ್ಸ್‌ಲಿಯವನು ತನ್ನ ಸೂಟ್‌ಕೇಸನ್ನು ತಾನೇ ಎಳೆದುಕೊಂಡ. ಯಾರೂ ಥ್ಯಾಂಕ್ಸ್ ಹೇಳಲಿಲ್ಲ.

ಮೂರನೆಯ ದಿನ ಹೋಟೆಲಿಗೆ ಬೇರೊಬ್ಬ ಡ್ರೈವರ್ ಬಂದು ಕೋಚಿನ ಕೀ ಕೇಳಿದ. ರಮಾನಾಥ ವಾಪಸು ಬಂದದ್ದು ಪ್ರಯಾಣಿಕನಾಗಿ. ಕೆಲಸದಿಂದ ತೆಗೆದೆವೆಂದು ಕಂಪನಿ ಯಾವತ್ತೂ ಹೇಳಲಿಲ್ಲ. ಈ ವಾರ ಡ್ಯೂಟಿ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಎಂದರು, ಮುಂದಿನ ವಾರವೂ ಇಲ್ಲ ಎಂದರು. ಅವನು ಲೀಲಾಕ್ಷಿಯನ್ನು ಅಡುಗೆಮನೆಯಲ್ಲಿ ಕೂರಿಸಿ ಜೂನ್ ತಿಂಗಳಿನದನ್ನೂ ಸೇರಿಸಿ ಎಲ್ಲ ಹೇಳಿದ. ಅವಳು ಎದ್ದು ಹೋದಳು. ಮೂರನೆಯ ದಿನ ಕಾಗದ ಪೆನ್ನು ತಂದು ಅವನ ಮುಂದಿಟ್ಟು, “ನಿಮ್ಮ ತಪ್ಪೂ ಬರೀರಿ, ಬಿಡ್ಬೇಡಿ,” ಎಂದಳು. ಕಂಪನಿಗಳಿಗೆ ಪರವಾನಗಿ ಕೊಡುವ ಕಚೇರಿಗೆ ಇಬ್ಬರೂ ಕೂತು ನಾಲ್ಕು ಪುಟ ಬರೆದರು. ಆಸ್ಪತ್ರೆಯಿಂದ ಬಂದ ಟೆರಿ ಸಾಕ್ಷಿ ಹೇಳಲು ಒಪ್ಪಲಿಲ್ಲ. ಅವನಿಗೆ ಇನ್ನು ಮೂರು ವರ್ಷಕ್ಕೆ ಪೆನ್ಷನ್. ಕಚೇರಿಯಿಂದ, ನಿಮ್ಮ ಪತ್ರ ತಲುಪಿದೆ, ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ರಮಾನಾಥ ಲೀಡ್ಸಿನಲ್ಲೇ ಸಿಟಿ ಬಸ್ಸಿಗೆ ಸೇರಿಕೊಂಡ.

ಮಾರ್ಚಿನಲ್ಲಿ ಒಂದು ಭಾನುವಾರ ಅವನೂ ಲೀಲಾಕ್ಷಿಯೂ ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೋಗಿದ್ದರು. ಊಟದ ಹಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಬೆನ್ನ ಮೇಲೆ ಯಾರೋ ತಟ್ಟಿದರು.

“ಓ ಹೋ! ಏನ್ ಸಾರ್, ಚೆನ್ನಾಗಿದೀರಾ?” ಉಮಾಶಂಕರ. ಜೊತೆಗೆ ಜಲಜಾ, ಇನ್ನೊಬ್ಬ ಗೆಳೆಯ. “ಜಯಪ್ರಕಾಶ್, ನಾನ್ ಹೇಳಿದ್ನಲ್ಲ, ಇವರೇ! ಒಂಬತ್ ಗಂಟೆ ಬಿಸಿಲಲ್ಲಿ ನಮ್ಮನ್ನ ಬೇಯಿಸಿಬಿಟ್ರು! ನಾನ್ ಮಧ್ಯ ಹೋಗದಿದ್ರೆ ಅವತ್ತು ಜನ ಇವರಿಗೆ ಎರಡು ಬಿಡ್ತಿದ್ರು.” ಗೆಳೆಯ ನಕ್ಕ. ಉಮಾಶಂಕರ ಕೈ ಚಾಚಿದ. “ಮನಸ್ಸಿಗೆ ಹಚ್ಕೊಂಡಿಲ್ಲ ತಾನೆ?”

“ಹಚ್ಕೊಂಡಿದ್ದೇನೆ,” ಎಂದ ರಮಾನಾಥ.

ಕೈ ಗಾಳಿಯಲ್ಲೇ ಉಳಿಯಿತು.

“ಅವ ನನ್ನನ್ನು ಪಾಕಿ ಅಂತ ಹೇಳಿದ. ಆ ಮಾತಿನಲ್ಲಿ ನೀವೂ ಇದ್ರಿ, ನಿಮ್ಮ ಹೆಂಡತಿಯೂ ಇದ್ರು. ನೀವು ಫೋನ್ ನೋಡಿದ್ರಿ. ಆಮೇಲೆ ಅವನ ಪರವಾಗಿ ನನ್ನ ಹತ್ರ ಬಂದ್ರಿ. ಅದನ್ನೂ ಇವರಿಗೆ ಹೇಳಿ, ಕಥೆ ಪೂರ್ತಿ ಆಗ್ಲಿ.”

ಸುತ್ತ ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಉಮಾಶಂಕರ ನಗಲು ನೋಡಿದ. “ಸಾರ್, ಈ ದೇಶದಲ್ಲಿ ಅದೆಲ್ಲ ಇದ್ದದ್ದೇ...”

“ನನಗೂ ಕೇಳಿಸಿತ್ತು,” ಎಂದಳು ಜಲಜಾ, ರಮಾನಾಥನನ್ನೇ ನೋಡುತ್ತಾ. “ಒಂದೇ ಕಿವೀಲಿ ಕೇಳಿಸ್ತು. ನಾನೂ ಸುಮ್ನಿದ್ದೆ.”

ಪರವಾಗಿಲ್ಲ ಎನ್ನುವುದು ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು. ರಮಾನಾಥ ಅನ್ನಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದ. ಲೀಲಾಕ್ಷಿ ಹಿಂದೆಯೇ ಬಂದಳು.

ಕಾರಿನಲ್ಲಿ ಕೂತು ಅವನು ಕೀ ಹಾಕಿದ. ತಿರುಗಿಸದೆ ಹಾಗೇ ಹಿಡಿದುಕೊಂಡ.

“ಊಟ ಬಿಟ್ಟು ಬಂದಿರಲ್ಲ,” ಎಂದಳು ಅವಳು ತುಳುವಿನಲ್ಲಿ.

“ಹಸಿವಿಲ್ಲ.”

“ನನಗೆ ಉಂಟು.” ಅವಳು ಬಾಗಿಲು ತೆರೆದು ಇಳಿದು, ಸುತ್ತಿ ಬಂದು ಅವನ ಕಡೆಯ ಬಾಗಿಲನ್ನು ಎಳೆದಳು. “ಆಚೆ ಕೂತ್ಕೊಳ್ಳಿ. ಲೀಡ್ಸಿನವರೆಗೆ ನಾನು ಓಡಿಸ್ತೇನೆ. ಈ ಸಿಟ್ಟಿನಲ್ಲಿ ನೀವು ಸ್ಟಿಯರಿಂಗ್ ಮುಟ್ಟುದು ಬೇಡ.”

ಅವನು ಪಕ್ಕದ ಸೀಟಿಗೆ ಸರಿದ. ದಾರಿಯುದ್ದಕ್ಕೂ, ಡಾರ್ಬಿ ದಾಟಿ, ಶೆಫೀಲ್ಡ್ ದಾಟಿ, ಉಮಾಶಂಕರನಿಗೆ ಹೇಳಬೇಕಿದ್ದ ಇನ್ನಷ್ಟು ಮಾತುಗಳನ್ನು ಹೇಳುತ್ತಲೇ ಇದ್ದ. ಲೀಲಾಕ್ಷಿ ಹೂಂಗುಟ್ಟುತ್ತಾ ಓಡಿಸಿದಳು. ಬಾರ್ನ್ಸ್‌ಲಿಯ ಬೋರ್ಡು ಬಂದಾಗ ಅವಳೇ ಅದರ ಕಡೆ ನೋಡಿ ಒಂದು ಬೈಗುಳ ಬೈದಳು.