ಹಿಂದಿರುಗಿ ಬಂದ ಮಿಣುಕು

ಪ್ರಯೋಗಶಾಲೆಯವರು ಅವಳಿಗೆ ಇಟ್ಟ ಹೆಸರು ಗೂಬಕ್ಕ. ಕೆಲಸವೂ ಅಂಥದ್ದೇ. ಹಾಡಹಗಲಲ್ಲಿ ಕಿಟಕಿಗೆಲ್ಲ ಕಪ್ಪು ಬಟ್ಟೆ ಬಿಗಿದ ಕೋಣೆಯಲ್ಲಿ, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಸುಮ್ಮನೆ ಕೂರಬೇಕು. ಆಮೇಲೆ ಸೂಕ್ಷ್ಮದರ್ಶಕ. ಸೀಸದ ಡಬ್ಬಿಯೊಳಗಿನ ರೇಡಿಯಂ ಉಗುಳುವ ಕಣಗಳು ಚಿನ್ನದ ತೆಳು ರೇಕನ್ನು ತೂರಿ, ಆಚೆಯ ಪರದೆಗೆ ಬಡಿದು ಮಿಣುಕುತ್ತವೆ. ಅದನ್ನು ಅವಳು ಎಣಿಸಬೇಕು.

ಕಾಯುವುದೇನು ಅವಳಿಗೆ ಹೊಸದಲ್ಲ. ಹಡಗಿನ ಬಡಗಿಯಾಗಿ ಹೋದ ಗಂಡ, ಹೋದವನು ಹೋದವನೇ. ಅವನ ಅಂಗಿಗೆ ಅಂಟಿರುತ್ತಿದ್ದ ಮರದ ಹೊಟ್ಟಿನ ವಾಸನೆಗೆ ಅವಳ ಜೀವ ಹಾತೊರೆಯುತ್ತಿತ್ತು. ಕಣ್ಣಿಗೆ ಪೊರೆ ಬಂದ ಅತ್ತೆ ದಿನಾ ಸಂಜೆ, ಸೊಸೆಯ ಹೆಜ್ಜೆ ಸದ್ದಿಗೇ "ಬಂದ್ನೇನೇ?" ಎನ್ನುವಳು. "ಇನ್ನೇನು ಬಂದ್ಬಿಡ್ತಾರೆ ಅತ್ತೆ," ಎಂದು ಇವಳು. ಅತ್ತೆ ನಂಬುತ್ತಿದ್ದಳೋ ಇಲ್ಲವೋ, ಇವಳಂತೂ ನಂಬಿದ್ದಳು.

ಆ ಹಾತೊರಿಕೆಯೇ ಒಮ್ಮೆ ಕೈಕೊಟ್ಟಿತ್ತು. ಪ್ರಯೋಗ ನಡೆಸುವ ಮೇಷ್ಟ್ರು ಅವಳ ಕಣ್ಣಿನ ಪರೀಕ್ಷೆಗೆಂದು ಡಬ್ಬಿ ಮುಚ್ಚಿದ್ದು ತಿಳಿಯದೆ, ಇಲ್ಲದ ಮಿಣುಕುಗಳನ್ನು ಎಣಿಸಿಬಿಟ್ಟಿದ್ದಳು.

"ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತಮ್ಮ. ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ಕೂರಿಸಬೇಕಾಗುತ್ತೆ," ಎಂದಿದ್ದರು. ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು.

ಇವತ್ತು ಮೇಷ್ಟ್ರು ಪರದೆಯನ್ನು ಡಬ್ಬಿ ಇರುವ ಕಡೆಗೇ, ರೇಕಿನ ಈಚೆಗೆ, ಡಬ್ಬಿಯ ಕಣ ನೇರ ಬಡಿಯದಂತೆ ಸೀಸದ ಮರೆಮಾಡಿ ಇಟ್ಟರು. "ಪರಮಾಣು ಅಂದ್ರೆ ನಾದಿದ ಹಿಟ್ಟಿದ್ದ ಹಾಗೆ. ಕಣ ತೂರಿ ಹೋಗುತ್ತೆ, ವಾಪಸ್ ಎಲ್ಲಿ ಬರುತ್ತೆ? ಸುಮ್ನೆ ನೋಡ್ಬಿಡಿ."

ನೋಡಿದಳು. ಕತ್ತಲೆ. ಇನ್ನೂ ಕತ್ತಲೆ. ಆಮೇಲೆ, ಒಂದು ಮಿಣುಕು.

ಹೇಳಿದರೆ ಕೆಲಸಕ್ಕೆ ಕುತ್ತು, ಹೇಳದಿದ್ದರೆ ಕಂಡದ್ದಕ್ಕೆ ದ್ರೋಹ. ಕಣ್ಣು ಮುಚ್ಚಿ ತೆರೆದು ಕಾದಳು. ಇನ್ನೊಂದು ಮಿಣುಕಿತು.

"ಮೇಷ್ಟ್ರೇ, ಡಬ್ಬಿ ಮುಚ್ಚಿ, ತೆಗೀರಿ. ಯಾವಾಗ ಅಂತ ಮಾತ್ರ ನನಗೆ ಹೇಳ್ಬೇಡಿ."

ಅವರು ಸದ್ದಿಲ್ಲದೆ ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು. ಡಬ್ಬಿ ತೆರೆದಿದ್ದಾಗ ಮಾತ್ರ ಅವಳು "ಬಂತು" ಎಂದಳು. ಕೊನೆಗೆ ಅವರೇ ಕಣ್ಣು ಹಚ್ಚಿ ನೋಡಿದರು.

"ಹಿಟ್ಟಲ್ಲಮ್ಮ ಅದು," ಎಂದರು ಮೇಷ್ಟ್ರು. "ಒಳಗೆಲ್ಲ ಬರೀ ಬಯಲಿರ್ಬೇಕು. ನಡುವೆ ಎಲ್ಲೋ ಒಂದು ಚೂರು ಗಟ್ಟಿ ತಿರುಳು. ಅದಕ್ಕೆ ನೇರ ಬಡಿದದ್ದು ವಾಪಸ್ ಬರ್ತಿದೆ."

"ಉಳಿದವು?"

"ಹೋಗೇಬಿಡ್ತವೆ. ಬರೋದು ಸಾವಿರಾರರಲ್ಲಿ ಒಂದು."

ಸಂಜೆ ಬೀದಿಯ ತಿರುವಿನಲ್ಲಿ ಅವಳು ಹೆಜ್ಜೆ ತಡೆದಳು. ಮನೆಯ ಬಾಗಿಲಲ್ಲಿ ಅವನು ನಿಂತಿದ್ದ. ಅದೇ ಬಾಗಿದ ಬೆನ್ನು, ಹೆಗಲಿಗೆ ಉಪಕರಣದ ಚೀಲ. ಓಡಬೇಕೆನಿಸಿತು. ಓಡಲಿಲ್ಲ. ಕಣ್ಣು ಮುಚ್ಚಿದಳು, ತೆರೆದಳು. ಅಲ್ಲಿದ್ದದ್ದು ಪಕ್ಕದ ಮನೆಯವರು ಬಾಗಿಲ ಬಳಿಯ ಗೋಡೆಗೆ ಒರಗಿಸಿಟ್ಟ ಏಣಿ, ಅದಕ್ಕೊಂದು ಗೋಣಿ. ಇನ್ನೊಮ್ಮೆ ಮುಚ್ಚಿ ತೆರೆದಳು. ಏಣಿಯೇ.

"ಬಂದ್ನೇನೇ?" ಒಳಗಿನಿಂದ ಅತ್ತೆ.

ಬಾಯಿಗೆ ಬಂದ ಹಳೆಯ ಮಾತನ್ನು ನುಂಗಿಕೊಂಡಳು. "ಇಲ್ಲ ಅತ್ತೆ. ಇವತ್ತು ಬರ್ಲಿಲ್ಲ."

ಅತ್ತೆ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು.

"ನಾಳೆನೂ ಕೇಳ್ಲೇನೇ?"

"ಕೇಳಿ ಅತ್ತೆ," ಎಂದಳು ಗೂಬಕ್ಕ, ಪಕ್ಕದಲ್ಲಿ ಕೂರುತ್ತ. "ನೋಡಿ ಹೇಳ್ತೀನಿ."