ಮೂರನೆಯ ಫೇಸ್

ಬೀದಿಯವರು ಅವನನ್ನು ಮೈಕ್ರಾನ್ ಅಂತಲೇ ಕರೆಯುತ್ತಿದ್ದರು. ಕಬ್ಬಿಣ ಕಡೆಯುವ ಲೇತ್ ಮುಂದೆ ಕೂದಲೆಳೆಯಷ್ಟು ಹೆಚ್ಚುಕಮ್ಮಿಯನ್ನೂ ಸಹಿಸದವನು. ಗೋಡೆಗೆ ಮೊಳೆ ಹೊಡೆಯಬೇಕಾದರೂ ಅಳತೆಪಟ್ಟಿ ಹುಡುಕುತ್ತಿದ್ದ. ಬಾಡಿಗೆಯ ಶೆಡ್ಡನ್ನು ಮಾಲೀಕ ಕೆಡವಲು ಹೊರಟಾಗ ಬೇರೆ ದಾರಿ ಕಾಣದೆ ಲೇತನ್ನು ಮನೆಯ ಹಿಂದಿನ ಕೋಣೆಗೆ ತಂದಿಳಿಸಿದ. ಅದರ ಮೋಟಾರಿಗೆ ಮೂರು ಫೇಸ್ ಕರೆಂಟು ಬೇಕು, ಮನೆಗೆ ಬರುತ್ತಿದ್ದದ್ದು ಒಂದೇ. ವಿದ್ಯುತ್ ಕಚೇರಿಗೆ ಅರ್ಜಿ ಹಾಕಿದ್ದಕ್ಕೆ, ಬೀದಿಯ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ, ಕಾಯಿರಿ ಎಂಬ ಉತ್ತರ ಬಂತು. ಸ್ವಿಚ್ ಹಾಕಿದರೆ ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ.

ಹೆಂಡತಿಯ ಅಕ್ಕನ ಗಂಡ ಎಲೆಕ್ಟ್ರಿಷಿಯನ್. ಅವನೇ ಬಂದು ಮೋಟಾರಿನ ವೈರುಗಳನ್ನು ಬದಲಿಸಿ ಜೋಡಿಸಿ, ಷಡ್ಡಕನಿಗೆ ಒಂದು ಉಪಾಯ ತೋರಿಸಿದ. ಕೈಯಿಂದ ಬೆಲ್ಟ್ ಎಳೆದು ಬಿಟ್ಟು, ಮೋಟಾರು ತಿರುಗುತ್ತಿರುವಾಗಲೇ ಸ್ವಿಚ್ ಹಾಕಿದರೆ ಓಟ ಹಿಡಿಯುತ್ತದೆ. ಎರಡು ದಿನದ ಮಟ್ಟಿಗೆ ಅಷ್ಟೇ, ಆಮೇಲೆ ಸರಿಯಾದ ಏರ್ಪಾಡು ಮಾಡೋಣ ಎಂದ. ಎರಡು ದಿನ ಎರಡು ತಿಂಗಳಾಯಿತು.

ಮೋಟಾರಿನ ಸ್ವಿಚ್ ಇದ್ದದ್ದು ಪಡಸಾಲೆಯಲ್ಲಿ. ಅವನು ಬೆಲ್ಟ್ ಎಳೆದು ಕೈಬಿಟ್ಟು "ಹಾಕ್" ಅನ್ನುತ್ತಿದ್ದ, ಹೆಂಡತಿ ಹಾಕುತ್ತಿದ್ದಳು. ಇದು ಬೇಡ ಎಂದು ಅವಳು ಮೊದಮೊದಲು ಗೊಣಗಿದಳು. ಬರಬರುತ್ತಾ ಅದೂ ಮನೆಗೆಲಸಗಳಲ್ಲಿ ಒಂದಾಯಿತು.

ಒಂದು ಬೆಳಿಗ್ಗೆ ಎಳೆದು ಬಿಟ್ಟ ಬೆಲ್ಟ್ ಜಾರಿತು, ಮೋಟಾರು ಇನ್ನೂ ಮೆಲ್ಲಗೆ ತಿರುಗುತ್ತಿತ್ತು. ಅದನ್ನು ಸರಿಮಾಡಲು ಬೆರಳಿಟ್ಟು "ಹಾಕ್ಬೇಡ" ಎಂದು ಅವನು ಕೂಗಿದ. ಅದೇ ಹೊತ್ತಿಗೆ ಬೀದಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಅವಳ ಕಿವಿಗೆ ಬಿದ್ದದ್ದು "ಹಾಕ್" ಮಾತ್ರ.

ಬಲಗೈಯ ಎರಡು ಬೆರಳು ಹೋದವು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಅವನು ಅವಳ ಮುಖ ನೋಡದೆ, ಸ್ವಿಚ್ಚನ್ನು ಮೊದಲೇ ಹಾಕಿ ಮರೆತಿದ್ದೆ ಎಂದ. ಬಂದುಹೋದವರಿಗೆಲ್ಲ ಅದನ್ನೇ ಹೇಳಿದ. ಎಂಥಾ ಗಟ್ಟಿ ಮನುಷ್ಯ ಎಂದು ಅವರು ಹೊಗಳಿದಾಗಲೆಲ್ಲ ಅವಳು ಎದ್ದು ಹೊರಗೆ ಹೋಗುತ್ತಿದ್ದಳು. ಕೊನೆಗೆ ತಡೆಯಲಾರದೆ ಎಲೆಕ್ಟ್ರಿಷಿಯನ್ ಭಾವನಿಗೆ ನಿಜ ಹೇಳಿದಳು.

ಭಾವ ಅವಳನ್ನು ಕೂರಿಸಿ ಹೇಳಿದ. "ಆ ಉಪಾಯ ಹೇಳಿಕೊಟ್ಟವನು ನಾನಮ್ಮ. ಸರಿಯಾದ ಏರ್ಪಾಡಿಗೆ ಬೇಕಾದ ಹಳೇ ಮೋಟಾರೊಂದು ನನ್ನ ಅಂಗಡೀಲೇ ಬಿದ್ದಿತ್ತು. ಇವತ್ತು ತರ್ತೀನಿ, ನಾಳೆ ತರ್ತೀನಿ ಅಂತ ತಳ್ಳಿಬಿಟ್ಟೆ."

ಮಾರನೇ ದಿನವೇ ಅದನ್ನು ತಂದು ಕೋಣೆಯ ಮೂಲೆಯಲ್ಲಿ ಕೂರಿಸಿದ. ಲೇತಿನದಕ್ಕಿಂತ ದೊಡ್ಡ ಮೋಟಾರು. ಕೆಪಾಸಿಟರಿನ ಬಲದಿಂದ ತಾನೇ ಎದ್ದು, ಹೊರೆಯಿಲ್ಲದೆ ಸುಮ್ಮನೆ ತಿರುಗುತ್ತಾ, ಲೇತಿಗೆ ಬೇಕಾದ ಉಳಿದ ಫೇಸುಗಳನ್ನು ಹುಟ್ಟಿಸಿ ಕೊಡುತ್ತಿತ್ತು. ಬೆಲ್ಟಿಗೆ ಕಬ್ಬಿಣದ ಮುಚ್ಚಳವೂ ಬಂತು. ಗುಂಡಿ ಒತ್ತಿದರೆ ಸಾಕು, ಲೇತ್ ತಾನಾಗಿ ಓಡಿತು. ಮೂವರಲ್ಲಿ ಒಬ್ಬರಿಗೂ ನಗು ಬರಲಿಲ್ಲ.

ಆಮೇಲೆ ಗಂಡ ಹದಿನೈದು ದಿನ ಆ ಕೋಣೆಯ ಕಡೆ ಸುಳಿಯಲಿಲ್ಲ. ಮಾತೂ ಅಷ್ಟಕ್ಕಷ್ಟೇ. ಒಂದು ಮಧ್ಯಾಹ್ನ ಅವಳೇ ಕೇಳಿದಳು.

"ಎಲ್ರಿಗೂ ಸುಳ್ಳು ಹೇಳಿದ್ರಿ, ಸರಿ. ನನ್ನ ಹತ್ರನಾದ್ರೂ ಮನಸ್ಸಲ್ಲಿರೋ ನಿಜ ಹೇಳಿ."

"ನಿಜ ಹೇಳಿದ್ರೆ ಬೆರಳು ಬರುತ್ತಾ?"

"ಬರಲ್ಲ. ನನಗೆ ನಿದ್ದೆನಾದ್ರೂ ಬರುತ್ತೆ."

ಅವನು ಬ್ಯಾಂಡೇಜನ್ನು ಸವರಿಕೊಂಡ. "ನಿನ್ನ ತಪ್ಪಿಲ್ಲ ಅಂತ ಗೊತ್ತು. ಆದ್ರೂ ನಿನ್ನ ಮೇಲೆ ಸಿಟ್ಟಿದೆ. ಹೋಗ್ತಾನೇ ಇಲ್ಲ."

ಆ ಮಾತು ಚುಚ್ಚಿತು. ಆದರೂ ಎಷ್ಟೋ ದಿನಗಳ ಮೇಲೆ ಅವಳಿಗೆ ಉಸಿರು ಸರಾಗವಾಯಿತು. ಇರಲಿ ಬಿಡಿ, ನನ್ನ ಮೇಲೆ ನನಗೂ ಇದೆ ಎಂದಳು.

ಸಂಜೆ ಅವನು ಎದ್ದು ಲೇತ್ ಮುಂದೆ ನಿಂತ. ಎಡಗೈಯಲ್ಲಿ ಲೇತಿಗೆ ಕಬ್ಬಿಣ ಕೊರೆಯುವ ಉಳಿ ಕಟ್ಟಲು ಹೋಗಿ ಮೂರು ಸಲ ಬೀಳಿಸಿದ. ಅವಳು ಹತ್ತಿರ ಹೋದಾಗ ಕೈಯಿಂದಲೇ ತಡೆದ. ನಾಲ್ಕನೇ ಸಲ ಉಳಿ ನಿಂತಿತು. ಅಂದು ಅವನು ಕಡೆದು ತೆಗೆದ ಬುಷ್ ಎಂಬ ಕಬ್ಬಿಣದ ಬಳೆ ಅಳತೆಗೆ ಸರಿಬರಲಿಲ್ಲ. ಮಾರನೇ ದಿನದ್ದೂ ಸರಿಬರಲಿಲ್ಲ. ಎರಡನ್ನೂ ಕಸದ ಡಬ್ಬಿಗೆ ಎಸೆದು, ಹೊಸ ಕಬ್ಬಿಣದ ತುಂಡು ತಂದುಕೊಡು ಎಂದು ಅವಳನ್ನೇ ಕೇಳಿದ.